ಕ್ವಾಲಿಟಿ ಪ್ರಾಜೆಕ್ಟ್ ಪೋಸ್ಟರ್‌ಗೇ ಮುಗಿದುಹೋಗುತ್ತಿದೆ. ವಿದ್ಯಾರ್ಥಿಗಳಿಗೆ ಬೇರೆ ರೀತಿ ಕಲಿಸುವುದು ಹೇಗೆ?

ಪ್ರಶ್ನೆ: ನರ್ಸಿಂಗ್ ಟ್ಯೂಟರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಈ ವರ್ಷದಿಂದ ರೋಗಿಗಳ ಸುರಕ್ಷತೆ ಮತ್ತು ಗುಣಮಟ್ಟ ಸುಧಾರಣೆಯನ್ನು ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಮಕ್ಕಳಿಗೆ ಒಟ್ಟಿಗೆ ಕಲಿಸಬೇಕು ಎಂದು ತೀರ್ಮಾನವಾಗಿದೆ. ಹೊಣೆ ನನ್ನದು. ನಾನೇ ಕೇಳಿ ತೆಗೆದುಕೊಂಡೆ. ಮುಂದೆ ಒಂದೇ ವಾರ್ಡಿನಲ್ಲಿ ಕೆಲಸ ಮಾಡಬೇಕಾದವರು ಓದುವಾಗ ಒಬ್ಬರ ಮುಖ ಒಬ್ಬರು ನೋಡದೆ ಇರುವುದು ನನಗೆ ಮೊದಲಿನಿಂದಲೂ ಸರಿ ಕಂಡಿಲ್ಲ.

ಥಿಯರಿ ಭಾಗಕ್ಕೆ ತೊಂದರೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಎಲ್ಲ ಆರೋಗ್ಯ ಕೋರ್ಸುಗಳಿಗೂ ಹೊಂದುವಂತೆ ಒಂದು ಪಠ್ಯಕ್ರಮ ಮಾರ್ಗದರ್ಶಿ ಕೊಟ್ಟಿದೆ. 11 ವಿಷಯಗಳಿವೆ. ತಂಡದಲ್ಲಿ ಕೆಲಸ ಮಾಡುವುದು, ತಪ್ಪುಗಳಿಂದ ಕಲಿಯುವುದು, ಸೋಂಕು ತಡೆಯುವುದು, ಔಷಧಿ ಸುರಕ್ಷತೆ, ಎಲ್ಲ ಅದರಲ್ಲಿದೆ. ಜೇಮ್ಸ್ ರೀಸನ್ ಅವರ ಸ್ವಿಸ್ ಚೀಸ್ ಮಾದರಿ (ಹಲವು ತಡೆಗಳ ತೂತುಗಳು ಒಂದೇ ಸಾಲಿಗೆ ಬಂದಾಗ ಅಪಾಯ ಆಗುತ್ತದೆ ಎನ್ನುವುದು), ಕಾರಣಗಳನ್ನು ಬಿಡಿಸಿ ತೋರಿಸುವ ಮೀನಿನ ಮುಳ್ಳಿನ ಚಿತ್ರ, ಪಿಡಿಎಸ್ಎ ಚಕ್ರ (ಯೋಜಿಸುವುದು, ಮಾಡಿ ನೋಡುವುದು, ಪರಿಶೀಲಿಸುವುದು, ತಿದ್ದಿ ಮುಂದುವರಿಯುವುದು), ಇವನ್ನೆಲ್ಲ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ.

ತೊಡಕು ಇರುವುದು ಪ್ರಾಜೆಕ್ಟಿನಲ್ಲಿ. ಹಿಂದಿನ ಬ್ಯಾಚುಗಳ ವರದಿಗಳನ್ನು ತೆಗೆದು ಓದಿದೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ. ಒಂದು ಆಡಿಟ್ ಮಾಡುತ್ತಾರೆ, ಶೇಕಡಾವಾರು ಲೆಕ್ಕ ಹಾಕುತ್ತಾರೆ, ಕೊನೆಯಲ್ಲಿ 'ಸಿಬ್ಬಂದಿಗೆ ಅರಿವು ಮೂಡಿಸಬೇಕು, ತರಬೇತಿ ಕೊಡಬೇಕು' ಎಂದು ಬರೆಯುತ್ತಾರೆ. ಒಂದು ಪೋಸ್ಟರ್ ಅಂಟಿಸುತ್ತಾರೆ. ಅಲ್ಲಿಗೆ ಮುಗಿಯಿತು.

ಒಂದು ತಂಡ ಕೈ ಸ್ವಚ್ಛತೆಯ ಆಡಿಟ್ ಮಾಡಿತ್ತು. ಫಾರಂ ಹಿಡಿದು ವಾರ್ಡಿನಲ್ಲಿ ನಿಂತಿದ್ದರು. ಇವರು ನಿಂತಿದ್ದಾಗ ಎಲ್ಲರೂ ಚೆನ್ನಾಗಿ ಕೈ ಉಜ್ಜಿಕೊಂಡಿದ್ದಾರೆ, ಸಹಜವೇ ಅಲ್ವಾ. ಆ ತಂಡದ ಒಬ್ಬ ಹುಡುಗಿ ಆಮೇಲೆ ಕಾರಿಡಾರಿನಲ್ಲಿ ನನಗೆ ಹೇಳಿದಳು: ಕೊನೆಯ ಸಾಲಿನ ಹಾಸಿಗೆಗಳ ಹತ್ತಿರ ಇರುವ ಹ್ಯಾಂಡ್ ರಬ್ ಬಾಟಲಿ ಸಂಜೆ ಹೊತ್ತಿಗೆ ಖಾಲಿ ಆಗಿರುತ್ತದಂತೆ. ತುಂಬುವವರು ಬರುವುದು ಬೆಳಿಗ್ಗೆ ಮಾತ್ರ. 'ಇದನ್ನು ಯಾಕೆ ಬರೆಯಲಿಲ್ಲ?' ಎಂದು ಕೇಳಿದೆ. 'ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ ಮೇಡಂ' ಎಂದಳು.

ನನಗೆ ಸಿಗುವುದು ಆರು ವಾರ, ವಾರಕ್ಕೆ ಒಂದು ಮಧ್ಯಾಹ್ನ ಮತ್ತು ಅವರ ವಾರ್ಡ್ ಪೋಸ್ಟಿಂಗ್ ಸಮಯ. ಇಷ್ಟರಲ್ಲಿ ಪೋಸ್ಟರ್ ಬಿಟ್ಟು ನಿಜವಾದ ಕೆಲಸ ಏನಾದರೂ ಆಗುತ್ತದೆಯೇ? ವಿಷಯ ಯಾರು ಆರಿಸಬೇಕು, ನಾನೋ ಅವರೋ? ವಾರ್ಡ್ ಸಿಬ್ಬಂದಿ 'ತಪ್ಪು ಹುಡುಕಲು ಬಂದರು' ಎಂದು ಮುಖ ತಿರುಗಿಸದಂತೆ ಏನು ಮಾಡಬೇಕು? ಕಲಿಸಿದ ಅನುಭವ ಇರುವವರು, ವಿದ್ಯಾರ್ಥಿಗಳಾಗಿ ಮಾಡಿದವರು, ಯಾರಾದರೂ ಹೇಳಿ.

ಉತ್ತರ: ಕ್ವಾಲಿಟಿ ಸಿಸ್ಟರ್

ಮೇಡಂ, ಆ ಹುಡುಗಿ ಕಂಡದ್ದೇ ನಿಜವಾದ ಪ್ರಾಜೆಕ್ಟ್. ಉಳಿದದ್ದೆಲ್ಲ ಲೆಕ್ಕ ತುಂಬಿಸಿದ ಕೆಲಸ. ಅವಳನ್ನು ಕರೆದು, ಚೆನ್ನಾಗಿ ನೋಡಿದ್ದೀಯಾ ಎಂದು ದಯವಿಟ್ಟು ಹೇಳಿ.

ನಾನು ಬಹಳ ವರ್ಷ ವಾರ್ಡ್ ಇನ್‌ಚಾರ್ಜ್ ಆಗಿದ್ದವಳು. ಈಗ ಕ್ವಾಲಿಟಿ ವಿಭಾಗದಲ್ಲಿದ್ದೇನೆ, ವಿದ್ಯಾರ್ಥಿಗಳು ನಮ್ಮ ಹತ್ತಿರವೇ ಬರುತ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊದಲ ವಾರ ವಿಷಯವನ್ನೂ ಕೊಡಬೇಡಿ, ಫಾರಂ ಅನ್ನೂ ಕೊಡಬೇಡಿ. ಖಾಲಿ ಹಾಳೆ ಕೊಡಿ. ಒಂದೇ ಒಂದು ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ಹಿಂಬಾಲಿಸಲು ಹೇಳಿ. ಒಂದು ಮಾತ್ರೆ ಡಾಕ್ಟರ ಪೆನ್ನಿನಿಂದ ರೋಗಿಯ ಬಾಯಿಗೆ ಹೋಗುವವರೆಗೆ. ಒಂದು ರಕ್ತದ ಸ್ಯಾಂಪಲ್ ತೋಳಿನಿಂದ ರಿಪೋರ್ಟ್ ಆಗುವವರೆಗೆ. ಒಬ್ಬ ರೋಗಿ ಡಿಸ್ಚಾರ್ಜ್ ಎಂದು ಬರೆದಾಗಿನಿಂದ ಗೇಟು ದಾಟುವವರೆಗೆ. ನೋಡಿದ್ದನ್ನು ನೋಡಿದ ಹಾಗೆ ಬರೆಯಬೇಕು. 'ನಿರ್ಲಕ್ಷ್ಯ' ಎನ್ನುವ ಪದ ಮಾತ್ರ ಬರೆಯಬಾರದು. ಇದೊಂದೇ ಷರತ್ತು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಕಣ್ಣಿಗೆ ಕಾಣದಿದ್ದರೆ ಅರ್ಥವಾಗುವುದಿಲ್ಲ.

ನಮ್ಮಲ್ಲಿ ಒಂದು ತಂಡ ಬೆಳಗಿನ ಔಷಧಿ ಟ್ರಾಲಿಯ ಹಿಂದೆ ಹೋಯಿತು. ಒಬ್ಬ ಮೆಡಿಕಲ್ ಹುಡುಗ, ಒಬ್ಬ ನರ್ಸಿಂಗ್ ಹುಡುಗಿ, ಒಬ್ಬ ಫಾರ್ಮಸಿ ಹುಡುಗಿ. ಸಿಸ್ಟರ್ ಟ್ರಾಲಿ ತಳ್ಳಿಕೊಂಡು ಮೊದಲ ಹಾಸಿಗೆಗೆ ಬರುತ್ತಾರೆ. ಡ್ರಗ್ ಚಾರ್ಟ್ ಇಲ್ಲ. ಕೇಸ್ ಶೀಟ್ ಜೊತೆ ರೌಂಡ್ಸ್‌ಗೆ ಹೋಗಿದೆ, ಡಾಕ್ಟರುಗಳು ಆ ಕಡೆಯ ಸಾಲಿನಲ್ಲಿದ್ದಾರೆ. ಸಿಸ್ಟರ್ ಜೇಬಿನಿಂದ ಒಂದು ಚೀಟಿ ತೆಗೆಯುತ್ತಾರೆ. ರಾತ್ರಿ ಡ್ಯೂಟಿಯವರಿಂದ ಹ್ಯಾಂಡ್‌ಓವರ್ ತೆಗೆದುಕೊಳ್ಳುವಾಗ ಡೋಸ್‌ಗಳನ್ನೆಲ್ಲ ಅದರಲ್ಲಿ ಬರೆದುಕೊಂಡಿದ್ದಾರೆ. ಆ ಚೀಟಿ ನೋಡಿ ಕೊಡುತ್ತಾರೆ. ಇನ್ಸುಲಿನ್ ಬೇಕು, ಫ್ರಿಜ್ ಡ್ಯೂಟಿ ರೂಮಿನಲ್ಲಿದೆ. ಹೋಗುವಾಗ ಫೋನ್ ಬಡಿಯುತ್ತದೆ. ವಾಪಸ್ ಬರುವಾಗ ಒಬ್ಬ ಸಂಬಂಧಿಕರು ಸ್ಕ್ಯಾನ್ ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ. ಟ್ರಾಲಿಯ ಹತ್ತಿರ ಬಂದಾಗ ಯಾವ ಹಾಸಿಗೆಯವರೆಗೆ ಕೊಟ್ಟಿದ್ದೆ ಎಂದು ಒಂದು ಕ್ಷಣ ನಿಂತು ನೆನಪು ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಆ ಕಡೆ ರೌಂಡ್ಸ್‌ನಲ್ಲಿ ಒಂದು ಡೋಸ್ ಬದಲಾಗಿದೆ. ಚೀಟಿಯಲ್ಲಿ ಹಳೆಯದೇ ಇದೆ.

ಮೂರೂ ಮಕ್ಕಳು ಇದನ್ನೇ ನೋಡಿದರು, ಆದರೆ ಮೂವರೂ ಬೇರೆ ಬೇರೆ ಬರೆದರು. ಮೆಡಿಕಲ್ ಹುಡುಗನಿಗೆ ಚೀಟಿಯ ವಿಷಯ ಗೊತ್ತೇ ಇರಲಿಲ್ಲ. ತಾನು ಬರೆದ ಆರ್ಡರ್ ಹಾಗೇ ರೋಗಿಗೆ ತಲುಪುತ್ತದೆ ಎಂದುಕೊಂಡಿದ್ದ. ಫಾರ್ಮಸಿ ಹುಡುಗಿಗೆ ಫ್ರಿಜ್‌ನ ಓಡಾಟ ಕಂಡಿತು. ನರ್ಸಿಂಗ್ ಹುಡುಗಿಗೆ ಚೀಟಿ ತಪ್ಪು ಅನ್ನಿಸಿರಲೇ ಇಲ್ಲ, ಅವಳೂ ಹಾಗೇ ಮಾಡಲು ಕಲಿತಿದ್ದಳು. ನೀವು ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಿದ್ದೀರಲ್ಲ, ಅದರ ಬೆಲೆ ಗೊತ್ತಾಗುವುದು ಇಲ್ಲಿ. ಒಂದೇ ಕೋಣೆಯಲ್ಲಿ ಲೆಕ್ಚರ್ ಕೇಳಿದರೆ ಇದು ಬರುವುದಿಲ್ಲ.

ಈಗ ಇದಕ್ಕೆ 'ಚೀಟಿ ಬಳಸಬಾರದು ಎಂದು ತರಬೇತಿ ಕೊಡಬೇಕು' ಎಂದು ಬರೆದರೆ ಏನು ಪ್ರಯೋಜನ? ಸಿಸ್ಟರಿಗೆ ಚೀಟಿ ಬೇಕಾಗಿರುವುದು ಚಾರ್ಟ್ ಕೈಯಲ್ಲಿ ಇಲ್ಲ ಎಂಬ ಕಾರಣಕ್ಕೆ. ತಂಡ ಇನ್‌ಚಾರ್ಜ್ ಸಿಸ್ಟರ್ ಜೊತೆ ಕೂತು ಒಂದೇ ಬದಲಾವಣೆ ಆರಿಸಿತು: ಡ್ರಗ್ ಚಾರ್ಟನ್ನು ಕೇಸ್ ಶೀಟಿನಿಂದ ಬೇರೆ ಮಾಡಿ ಹಾಸಿಗೆಯ ಕಾಲಿನ ಕಡೆ ತೂಗುಹಾಕುವುದು. ಇಡೀ ವಾರ್ಡಿಗೆ ಅಲ್ಲ. ಒಂದು ಸಾಲು, ಒಬ್ಬ ಸಿಸ್ಟರ್, ಒಂದು ಬೆಳಿಗ್ಗೆ. ಪಿಡಿಎಸ್ಎ ಎಂದರೆ ಇಷ್ಟೇ. ಮಕ್ಕಳು ಅದನ್ನು ಆರು ತಿಂಗಳ ಯೋಜನೆ ಎಂದುಕೊಂಡಿರುತ್ತಾರೆ. ಮೊದಲ ಚಕ್ರ ಒಂದೇ ಬೆಳಿಗ್ಗೆಯಲ್ಲಿ ಮುಗಿಯಬೇಕು.

ಅವತ್ತೇ ಹೊಸ ತೊಡಕು ಗೊತ್ತಾಯಿತು. ರೌಂಡ್ಸ್‌ನವರು ಅಭ್ಯಾಸಬಲದಿಂದ ಹೊಸ ಆರ್ಡರನ್ನು ಕೇಸ್ ಶೀಟಿನಲ್ಲೇ ಬರೆದು ಮುಂದೆ ಹೋದರು, ಚಾರ್ಟ್ ಖಾಲಿ ಉಳಿಯಿತು. ಇದು ಸೋಲಲ್ಲ, ಇದೇ ಪಾಠ. ಮಾರನೇ ದಿನ ಮೆಡಿಕಲ್ ಹುಡುಗನೇ ರೌಂಡ್ಸ್‌ನಲ್ಲಿ ನಿಂತು ಪ್ರತಿ ಹಾಸಿಗೆ ಬಿಡುವ ಮುಂಚೆ 'ಚಾರ್ಟ್‌ನಲ್ಲಿ ಬರೆದಾಯಿತೇ ಸರ್?' ಎಂದು ಕೇಳಿದ. ಅದು ಎರಡನೇ ಚಕ್ರ.

ಅಳತೆಯ ಬಗ್ಗೆ ಒಂದು ಮಾತು. ಮುಂಚೆ ಶೇಕಡಾ ಇಷ್ಟು, ಆಮೇಲೆ ಶೇಕಡಾ ಇಷ್ಟು ಎಂದು ಎರಡು ಕಂಬಗಳ ಚಿತ್ರ ಬೇಡವೇ ಬೇಡ. ಎರಡು ಸಂಖ್ಯೆ ಯಾವಾಗಲೂ ಬೇರೆ ಬೇರೆಯೇ ಇರುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ದಿನಕ್ಕೊಂದು ಚುಕ್ಕಿ ಇಡಿಸಿ. ಚೀಟಿ ನೋಡಿ ಕೊಟ್ಟ ಡೋಸ್‌ಗಳು ಇವತ್ತು ಎಷ್ಟು, ಅಷ್ಟೇ. ಮಧ್ಯದ ಬೆಲೆಗೆ ಒಂದು ಗೆರೆ ಎಳೆಯಿರಿ, ಅಂದರೆ ಮೀಡಿಯನ್. ಸಾಲಾಗಿ ಆರು ಅಥವಾ ಜಾಸ್ತಿ ಚುಕ್ಕಿಗಳು ಗೆರೆಯ ಒಂದೇ ಕಡೆ ಬಿದ್ದರೆ ಏನೋ ನಿಜವಾಗಿ ಬದಲಾಗಿದೆ ಎಂದು ತಿಳಿಯಬಹುದು. ಇದನ್ನು ರನ್ ಚಾರ್ಟ್ ಎನ್ನುತ್ತೇವೆ. ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ. ಸಿಬ್ಬಂದಿಯೂ ದಿನಾ ನೋಡುತ್ತಾರೆ, 'ಇವತ್ತು ಯಾಕೆ ಮೇಲೆ ಹೋಯಿತು?' ಎಂದು ಅವರೇ ಕೇಳುತ್ತಾರೆ. ಜೊತೆಗೆ ನಮ್ಮ ಬದಲಾವಣೆಯಿಂದ ಬೇರೆ ಕಡೆ ತೊಂದರೆ ಆಯಿತೇ ಎಂದೂ ಒಂದು ಅಳತೆ ಇರಲಿ. ಇಲ್ಲಿ ಅದು ರೌಂಡ್ಸ್ ಎಷ್ಟು ಹೊತ್ತು ತೆಗೆದುಕೊಂಡಿತು ಎನ್ನುವುದು.

ಸಿಬ್ಬಂದಿ ಮುಖ ತಿರುಗಿಸುವ ಪ್ರಶ್ನೆಗೆ ಬರುತ್ತೇನೆ. ಇದು ದೊಡ್ಡದು. ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಝ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಕಂಡುಕೊಂಡದ್ದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ, ಯಾಕೆಂದರೆ ಅದು ವಿದ್ಯಾರ್ಥಿಗಳದ್ದೇ ಕಥೆ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ಮೆಡಿಕಲ್ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳ ವಿಭಾಗದಲ್ಲೇ ಬಾಣಂತಿ ಜ್ವರದಿಂದ ಸಾವು ಜಾಸ್ತಿ. ಶವ ಕೊಯ್ದ ಕೈಯಲ್ಲೇ ಅವರು ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಸೆಮ್ಮೆಲ್‌ವೈಸ್ ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18 ಇದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಲೆಕ್ಕ ಅಷ್ಟು ಸ್ಪಷ್ಟವಾಗಿದ್ದರೂ ಜೊತೆಯ ಡಾಕ್ಟರುಗಳಲ್ಲಿ ಬಹಳ ಮಂದಿ ಒಪ್ಪಲಿಲ್ಲ. ತಾವೇ ಸಾವಿಗೆ ಕಾರಣ ಎಂಬ ಮಾತು ಅವರಿಗೆ ನುಂಗಲಾಗಲಿಲ್ಲ. ಲೆಕ್ಕ ಸರಿ ಇದ್ದರೆ ಸಾಲದು, ಕೆಲಸ ಮಾಡುವವರ ಮರ್ಯಾದೆಯೂ ಉಳಿಯಬೇಕು.

ಹಾಗಾಗಿ ಮಕ್ಕಳು ವಾರ್ಡಿಗೆ ಹೋದ ಮೊದಲ ದಿನ ಕೇಳಬೇಕಾದ ಪ್ರಶ್ನೆ ಇದು: 'ಸಿಸ್ಟರ್, ನಿಮ್ಮ ಕೆಲಸದಲ್ಲಿ ದಿನಾ ತಲೆಬಿಸಿ ಮಾಡುವುದು ಯಾವುದು?' ಅಟೆಂಡರ್‌ಗಳನ್ನೂ, ಸ್ವಚ್ಛತೆಯವರನ್ನೂ ಕೇಳಲಿ. ಬಾಟಲಿ ಯಾವಾಗ ಖಾಲಿಯಾಗುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ರೋಗಿಯ ಜೊತೆ ಇರುವವರನ್ನೂ ಮರೆಯಬಾರದು. ದಿನವಿಡೀ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ನೋಡುವವರು ಅವರೇ. ಆ ತಲೆಬಿಸಿ ಕಡಿಮೆ ಮಾಡುವ ಪ್ರಾಜೆಕ್ಟ್ ಆದರೆ ಯಾರೂ ಮುಖ ತಿರುಗಿಸುವುದಿಲ್ಲ.

ಉತ್ತರ: ವಾರ್ಡ್ ಫಾರ್ಮಸಿಸ್ಟ್

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪರಿಹಾರಗಳಲ್ಲಿ ಬಲವಾದವು, ಬಲವಿಲ್ಲದವು ಎಂಬ ಭೇದ ಇದೆ. ಇದನ್ನು ಎರಡನೇ ವಾರದಲ್ಲೇ ಕಲಿಸಿ. ಮಕ್ಕಳು 'ತರಬೇತಿ ಕೊಡಬೇಕು' ಎಂದು ಬರೆಯುವುದು ನಿಲ್ಲುತ್ತದೆ.

ಬಲವಿಲ್ಲದವು ಯಾವುವು? ಸರ್ಕ್ಯುಲರ್, ಪೋಸ್ಟರ್, ತರಬೇತಿ, 'ಹುಷಾರಾಗಿರಿ' ಎನ್ನುವುದು. ಇವೆಲ್ಲ ಮನುಷ್ಯನ ನೆನಪನ್ನೇ ನಂಬಿಕೊಂಡಿವೆ. ರಾತ್ರಿ ಪಾಳಿಯ ಕೊನೆಯಲ್ಲಿ ಆ ನೆನಪು ಎಷ್ಟಿರುತ್ತದೆ ಎಂದು ನಮಗೆಲ್ಲ ಗೊತ್ತು. ನಡುವೆ ಚೆಕ್‌ಲಿಸ್ಟ್, ಇಬ್ಬರು ನೋಡಿ ಖಾತ್ರಿ ಮಾಡುವುದು ಬರುತ್ತವೆ. ಎಲ್ಲಕ್ಕಿಂತ ಬಲವಾದದ್ದು ತಪ್ಪು ಮಾಡಲು ಜಾಗವೇ ಇಲ್ಲದ ಹಾಗೆ ಮಾಡುವುದು. ಸಣ್ಣ ಆಕ್ಸಿಜನ್ ಸಿಲಿಂಡರಿನ ಜಾಗದಲ್ಲಿ ನೈಟ್ರಸ್ ಆಕ್ಸೈಡ್ ಸಿಲಿಂಡರ್ ಕೂರುವುದಿಲ್ಲ, ಪಿನ್‌ಗಳ ಜಾಗ ಬೇರೆ ಇದೆ. ಅಲ್ಲಿ ಯಾರಿಗೂ ಹುಷಾರು ಹೇಳಬೇಕಾಗಿಲ್ಲ.

ನಮ್ಮ ಕ್ಷೇತ್ರದಲ್ಲಿ ಮಕ್ಕಳಿಗೆ ತೋರಿಸಬೇಕಾದ ಎರಡು ಉದಾಹರಣೆಗಳಿವೆ. ಒಂದು, ಗಾಢ ಪೊಟ್ಯಾಸಿಯಂ ಕ್ಲೋರೈಡ್. ನೀರಿನ ಹಾಗೆ ಕಾಣುವ ದ್ರಾವಣ. ಸಲೈನ್ ಅಥವಾ ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲಿಟ್ಟರೆ ತಪ್ಪಿ ಕೈಗೆ ಬರಬಹುದು. ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಲೇಬಲ್ ದೊಡ್ಡದು ಮಾಡಿದರೆ ಸ್ವಲ್ಪ ಉಪಯೋಗ. ಸಾಮಾನ್ಯ ವಾರ್ಡಿನ ಕಪಾಟಿನಿಂದಲೇ ತೆಗೆದು, ದುರ್ಬಲಗೊಳಿಸಿದ ಬಾಟಲಿಯನ್ನೇ ಫಾರ್ಮಸಿಯಿಂದ ಕಳಿಸಿದರೆ ನಿಜವಾದ ಉಪಯೋಗ.

ಇನ್ನೊಂದು ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ. ರಕ್ತನಾಳಕ್ಕೆ ಮಾತ್ರ ಕೊಡಬೇಕು. ಬೆನ್ನುಹುರಿಯ ಸುತ್ತಲ ದ್ರವಕ್ಕೆ ಹೋದರೆ ರೋಗಿ ಬದುಕುವುದು ತೀರಾ ಅಪರೂಪ. ಬೆನ್ನಿಗೆ ಕೊಡುವ ಬೇರೆ ಔಷಧಿಯ ಸಿರಿಂಜ್ ಜೊತೆ ಇದೂ ಸಿರಿಂಜಿನಲ್ಲೇ ಬಂದಾಗ ಅದಲುಬದಲಾದ ದುರಂತಗಳು ಹಲವು ದೇಶಗಳಲ್ಲಿ ನಡೆದಿವೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು: ಸಿರಿಂಜ್ ಬದಲು ಸಣ್ಣ ಬ್ಯಾಗಿನಲ್ಲಿ ಬೆರೆಸಿ ಕೊಡಿ ಎಂದು. ಬ್ಯಾಗನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ. ಔಷಧಿ ಅದೇ, ಜನ ಅವರೇ, ಪಾತ್ರೆ ಮಾತ್ರ ಬದಲು. ಈ ಒಂದು ಉದಾಹರಣೆ ಕೇಳಿದ ಮೇಲೆ ಮಕ್ಕಳ ಯೋಚನೆಯೇ ಬದಲಾಗುವುದನ್ನು ನಾನು ನೋಡಿದ್ದೇನೆ. 'ಇಲ್ಲಿ ಪಾತ್ರೆ ಯಾವುದು ಸರ್?' ಎಂದು ಅವರ ಪ್ರಾಜೆಕ್ಟಿನಲ್ಲೂ ಕೇಳಲು ಶುರು ಮಾಡುತ್ತಾರೆ.

ಒಂದು ಕಡೆ ಮಾತ್ರ ಸಿಸ್ಟರ್ ಮಾತಿಗೆ ನನ್ನ ತಕರಾರಿದೆ. ಮೊದಲ ವಾರ ವಿಷಯವೇ ಬೇಡ ಎಂದಿದ್ದೀರಿ. ಫಾರ್ಮಸಿ ಮಕ್ಕಳಿಗೆ ವಾರ್ಡ್ ಹೊಸದು. ಏನು ನೋಡಬೇಕೆಂದೇ ತಿಳಿಯದೆ ಗೋಡೆಗೆ ಒರಗಿ ನಿಲ್ಲುತ್ತಾರೆ. ಅವರ ಜೊತೆ ವಾರ್ಡ್ ಬಲ್ಲ ಒಬ್ಬ ವಿದ್ಯಾರ್ಥಿಯನ್ನು ಜೋಡಿ ಮಾಡಿ ಕಳಿಸಿ.

ಉತ್ತರ: ಮೆಡಿಸಿನ್ ವಿಭಾಗದ ಪ್ರಾಧ್ಯಾಪಕ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಆರು ವಾರದಲ್ಲಿ ವಿದ್ಯಾರ್ಥಿಗಳು ಬದಲಾವಣೆ ತರಬೇಕು ಎನ್ನುವ ಒತ್ತಡವೇ ಬೇಡ. ಅವರು ಹೋಗಿಬಿಡುತ್ತಾರೆ, ವಾರ್ಡ್ ಉಳಿಯುತ್ತದೆ. ಮಕ್ಕಳು ಹೋದ ಮರುವಾರವೇ ಎಲ್ಲ ಹಳೆಯ ಹಾದಿಗೆ ಬರುತ್ತದೆ. ಇದು ಸಿಬ್ಬಂದಿಗೂ ಬೇಸರ.

ಆಸ್ಪತ್ರೆಯಲ್ಲಿ ಈಗಾಗಲೇ ನಡೆಯುತ್ತಿರುವ ಒಂದು ಸುಧಾರಣೆಗೆ ಅವರನ್ನು ಸೇರಿಸಿ. ಪ್ರತಿ ಬ್ಯಾಚ್ ಒಂದು ತುಂಡು ಕೆಲಸ ಮಾಡಲಿ, ಮುಂದಿನ ಬ್ಯಾಚಿಗೆ ಕೂತು ಹಸ್ತಾಂತರಿಸಲಿ. ರನ್ ಚಾರ್ಟ್ ಒಂದೇ ಇರಲಿ, ಚುಕ್ಕಿ ಇಡುವ ಕೈ ಬದಲಾಗಲಿ. ಹಾಗೆ ಮಾಡಿದರೆ ಆರು ವಾರ ಸಾಲದು ಎನ್ನುವ ಪ್ರಶ್ನೆಯೇ ಏಳುವುದಿಲ್ಲ.

ದೊಡ್ಡ ಉದಾಹರಣೆ ಬೇಕೆಂದರೆ ಅಮೆರಿಕದ ಮಿಶಿಗನ್ ರಾಜ್ಯದ್ದನ್ನು ತೋರಿಸಿ. ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಸೋಂಕು ತಡೆಯಲು ಪೀಟರ್ ಪ್ರೊನೊವೋಸ್ಟ್ ಅವರ ತಂಡ ಮಾಡಿದ ಕೆಲಸ, 2006ರಲ್ಲಿ ಪ್ರಕಟವಾಯಿತು. ಕೈ ತೊಳೆಯುವುದು, ಪೂರ್ತಿ ಹೊದಿಕೆ ಹಾಕುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಶುದ್ಧ ಮಾಡುವುದು, ಆದಷ್ಟು ತೊಡೆಯ ಸಂದಿಯ ರಕ್ತನಾಳ ಬಿಡುವುದು, ಬೇಡವಾದ ಲೈನ್ ತೆಗೆಯುವುದು. ಐದೇ ಅಂಶ, ಒಂದೂ ಹೊಸದಲ್ಲ. ಸಾವಿರ ಕ್ಯಾಥೆಟರ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಕ್ಯಾಥೆಟರ್ ದಿನ) 2.7 ಇದ್ದ ಸೋಂಕಿನ ಮೀಡಿಯನ್ ಮೂರು ತಿಂಗಳಲ್ಲಿ ಸೊನ್ನೆಗೆ ಬಂತು. ಜನ ಇದನ್ನು ಚೆಕ್‌ಲಿಸ್ಟಿನ ಮಹಿಮೆ ಎನ್ನುತ್ತಾರೆ. ನನ್ನ ಪ್ರಕಾರ ಅರ್ಧ ಮಾತ್ರ ನಿಜ. ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ ಸಿಗುವಂತೆ ಮಾಡಿದ್ದರು. ಹಂತ ತಪ್ಪಿದರೆ ತುರ್ತು ಇಲ್ಲದಿದ್ದಾಗ ಡಾಕ್ಟರನ್ನು ನಿಲ್ಲಿಸುವ ಅಧಿಕಾರ ನರ್ಸ್‌ಗಿತ್ತು. ಆ ಅಧಿಕಾರ ಇಲ್ಲದ ಕಡೆ ಅದೇ ಚೆಕ್‌ಲಿಸ್ಟ್ ಬರೀ ಟಿಕ್ ಹಾಕುವ ಕಾಗದ ಆಗಿಬಿಡುತ್ತದೆ.

ಉತ್ತರ: ಇಂಟರ್ನ್

ನಾನು ಈಗ ಇಂಟರ್ನ್. ಇಂಥದ್ದೇ ಒಂದು ಕೋರ್ಸ್ ಮುಗಿಸಿ ಬಂದಿದ್ದೇನೆ. ವಿದ್ಯಾರ್ಥಿ ಕಡೆಯಿಂದ ಎರಡು ಮಾತು.

ಕ್ಲಾಸಿನಲ್ಲಿ ಎಸ್‌ಬಿಎಆರ್ ಕಲಿಸಿದರು. ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಬೇಡಿಕೆ, ಈ ಕ್ರಮದಲ್ಲಿ ಹೇಳಬೇಕು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿಯಂತೆ. ಗೆಳೆಯರ ಜೊತೆ ಅಭ್ಯಾಸ ಮಾಡುವಾಗ ಸುಲಭ. ನಿಜವಾಗಿ ರಾತ್ರಿ ಸೀನಿಯರ್‌ಗೆ ಫೋನ್ ಮಾಡುವಾಗ ನಾಲಿಗೆ ಹೊರಳುವುದಿಲ್ಲ. ಅಡ್ಮಿಟ್ ಆದ ದಿನದಿಂದ ಕಥೆ ಶುರುವಾಗುತ್ತದೆ, ಆ ಕಡೆಯಿಂದ 'ಈಗ ಏನಾಗಿದೆ ಹೇಳಿ' ಎಂಬ ಮಾತು ಬರುತ್ತದೆ. ಹಾಗಾಗಿ ಅಭ್ಯಾಸದಲ್ಲಿ ಫೋನಿನ ಆ ತುದಿಯಲ್ಲಿ ನಿಜವಾದ ಸೀನಿಯರ್ ಇರಲಿ. ಹ್ಯಾಂಡ್‌ಓವರ್ ಕೂಡ ಹಾಗೇ. ಐ-ಪಾಸ್ ಎಂಬ ಪದ್ಧತಿಯನ್ನು ಅಮೆರಿಕ ಮತ್ತು ಕೆನಡಾದ 9 ಮಕ್ಕಳ ಆಸ್ಪತ್ರೆಗಳಲ್ಲಿ ರೆಸಿಡೆಂಟ್‌ಗಳಿಗೆ ಕಲಿಸಿ ನೋಡಿದಾಗ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಕಡಿಮೆಯಾದವು, 2014ರಲ್ಲಿ ಅದರ ವರದಿ ಬಂತು. ಅದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಕೊನೆಯ ಹಂತ: ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ವಾಪಸ್ ಹೇಳುವುದು. ಅಷ್ಟು ಮಾಡಿದರೆ ಬಿಟ್ಟುಹೋದದ್ದು ಅಲ್ಲೇ ಸಿಕ್ಕಿಬಿಡುತ್ತದೆ.

ಎರಡನೆಯದು, ಬಾಯಿ ಬಿಡುವ ಧೈರ್ಯ. ಒಂದು ದಿನ ಉಸಿರಾಟದ ತೊಂದರೆ ಇದ್ದ ರೋಗಿಯನ್ನು ಸ್ಕ್ಯಾನ್‌ಗೆ ಕರೆದೊಯ್ಯುತ್ತಿದ್ದರು. ಟ್ರಾಲಿ ಬಾಗಿಲು ದಾಟಿತ್ತು. ಜೊತೆಗಿದ್ದ ನರ್ಸಿಂಗ್ ವಿದ್ಯಾರ್ಥಿನಿ ಸಿಲಿಂಡರಿನ ಗೇಜ್ ನೋಡಿದಳು, ಮುಳ್ಳು ಕೆಂಪು ಪಟ್ಟಿಯ ಹತ್ತಿರ ಇತ್ತು. 'ಸರ್, ನನಗೆ ಇದು ಸರಿ ಕಾಣುತ್ತಿಲ್ಲ, ಹೋಗಿ ಬರುವಷ್ಟು ಆಕ್ಸಿಜನ್ ಇದರಲ್ಲಿ ಇಲ್ಲ' ಎಂದಳು. ದನಿ ನಡುಗುತ್ತಿತ್ತು. ಸರ್ ಟ್ರಾಲಿ ನಿಲ್ಲಿಸಿದರು. ಗೇಜ್ ನೋಡಿದರು, ಸಿಲಿಂಡರ್ ಬದಲಿಸಿದರು, ಹೊರಟರು. ಮಾರನೇ ಬೆಳಿಗ್ಗೆ ರೌಂಡ್ಸ್ ಶುರುವಾಗುವ ಮುಂಚೆ ಎಲ್ಲರ ಎದುರು ಅವಳ ಹೆಸರು ಹೇಳಿ ಥ್ಯಾಂಕ್ಸ್ ಹೇಳಿದರು. ಅಲ್ಲಿಂದ ಮುಂದೆ ಆ ಯೂನಿಟ್‌ನಲ್ಲಿ ನಮಗೆಲ್ಲ ಕೇಳುವುದು ಸುಲಭವಾಯಿತು. ಕೋರ್ಸಿನಲ್ಲಿ ನಮಗೆ ಮೂರು ಮೆಟ್ಟಿಲು ಕಲಿಸಿದ್ದರು. 'ನನಗೆ ಆತಂಕ ಆಗುತ್ತಿದೆ', 'ನನಗೆ ಇದು ಸರಿ ಕಾಣುತ್ತಿಲ್ಲ', 'ಇದು ರೋಗಿಯ ಸುರಕ್ಷತೆಯ ವಿಷಯ, ನಿಲ್ಲಿಸಿ'. ಮಾತು ಕಲಿಸಿದ್ದು ಒಳ್ಳೆಯದೇ. ಆದರೆ ಕೇಳಿಸಿಕೊಳ್ಳುವವರಿಗೂ ಅದೇ ಕ್ಲಾಸ್ ಬೇಕು ಮೇಡಂ. ನಿಮ್ಮ ಕೋರ್ಸಿಗೆ ಕನ್ಸಲ್ಟೆಂಟ್‌ಗಳನ್ನು ಒಂದು ಮಧ್ಯಾಹ್ನವಾದರೂ ಕರೆಸಿ, ಮಕ್ಕಳು ಕೇಳುವ ಪ್ರಶ್ನೆಗೆ ಅವರು ಉತ್ತರ ಕೊಡುವ ಅಭ್ಯಾಸ ಮಾಡಲಿ.

ಪ್ರಶ್ನೆ ಕೇಳಿದವರು: ನರ್ಸಿಂಗ್ ಟ್ಯೂಟರ್

ಎಲ್ಲರಿಗೂ ಮನಸಾರೆ ವಂದನೆ. ಇಷ್ಟು ವಿವರವಾಗಿ ಬರೆಯುತ್ತೀರಿ ಎಂದುಕೊಂಡಿರಲಿಲ್ಲ.

ಈಗ ಹೀಗೆ ಯೋಚಿಸುತ್ತಿದ್ದೇನೆ. ಮೊದಲ ವಾರ ಖಾಲಿ ಹಾಳೆ, ಜೋಡಿಯಾಗಿ. ಎರಡನೇ ವಾರ ಬಲವಾದ ಪರಿಹಾರಗಳ ಪಾಠ, ಫಾರ್ಮಸಿಸ್ಟ್ ಸರ್ ಕೊಟ್ಟ ಉದಾಹರಣೆಗಳೊಂದಿಗೆ. ಆಮೇಲೆ ವಾರ್ಡಿನಲ್ಲಿ ಸಣ್ಣ ಸಣ್ಣ ಚಕ್ರಗಳು. ಹ್ಯಾಂಡ್ ರಬ್ ಬಾಟಲಿಯನ್ನೇ ಒಂದು ತಂಡಕ್ಕೆ ಕೊಡುತ್ತೇನೆ, ಅದನ್ನು ಕಂಡ ಹುಡುಗಿಯೇ ಹೊಸ ಬ್ಯಾಚಿಗೆ ವಿವರಿಸಲಿ. ಪ್ರಾಧ್ಯಾಪಕರು ಹೇಳಿದ ಹಾಗೆ ಅದು ಮುಂದಿನ ಬ್ಯಾಚಿಗೂ ಹೋಗಲಿ. ಕನ್ಸಲ್ಟೆಂಟ್‌ಗಳ ಮಧ್ಯಾಹ್ನಕ್ಕೆ ಇಬ್ಬರನ್ನು ಈಗಾಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಒಂದು ಉಳಿಯಿತು. ಅಂಕ ಕೊಡುವುದು ಹೇಗೆ? ಫಲಿತಾಂಶಕ್ಕೆ ಅಂಕ ಕೊಟ್ಟರೆ ಮಕ್ಕಳು ಸುಲಭದ ವಿಷಯ ಹಿಡಿಯುತ್ತಾರೆ, ಇಲ್ಲವೇ ಚುಕ್ಕಿಗಳನ್ನು ತಿದ್ದುತ್ತಾರೆ ಎಂಬ ಭಯ ನನಗಿದೆ.

ಉತ್ತರ: ಕ್ವಾಲಿಟಿ ಸಿಸ್ಟರ್

ಭಯ ಸರಿಯಾಗಿದೆ. ಫಲಿತಾಂಶಕ್ಕೆ ಒಂದು ಅಂಕವೂ ಬೇಡ.

ನಾವು ನೋಡುವುದು ಇಷ್ಟು. ಶುರುವಿನಲ್ಲಿ ಏನನ್ನು, ಯಾರಿಗೆ, ಎಷ್ಟು, ಯಾವ ದಿನದೊಳಗೆ ಬದಲಿಸಬೇಕು ಎಂದು ಒಂದೇ ವಾಕ್ಯದಲ್ಲಿ ಬರೆದರೇ? ಪ್ರತಿ ಚಕ್ರದ ಮುಂಚೆ 'ಹೀಗಾಗುತ್ತದೆ' ಎಂದು ಊಹೆ ಬರೆದಿಟ್ಟರೇ? ಊಹೆ ತಪ್ಪಿದಾಗ ಏನು ಕಲಿತರು? ಊಹೆ ತಪ್ಪಿದ ಚಕ್ರವನ್ನು ಚೆನ್ನಾಗಿ ವಿವರಿಸಿದವರಿಗೆ ಜಾಸ್ತಿ ಅಂಕ. ಹಾಗಿದ್ದಾಗ ಚುಕ್ಕಿ ತಿದ್ದಿ ಸಿಗುವ ಲಾಭ ಏನೂ ಇಲ್ಲ.

ಇನ್ನೊಂದು ಭಾಗದ ಅಂಕವನ್ನು ವಾರ್ಡ್ ಇನ್‌ಚಾರ್ಜ್ ಕೊಡಲಿ. ಅವರಿಗೆ ಎರಡೇ ಪ್ರಶ್ನೆ ಕೇಳಿ: ಈ ಮಕ್ಕಳು ನಿಮ್ಮ ಮಾತು ಕೇಳಿಸಿಕೊಂಡರೇ? ಮುಂದಿನ ಬ್ಯಾಚನ್ನೂ ಕಳಿಸಲೇ? ಎರಡನೆಯದಕ್ಕೆ ಇಲ್ಲ ಎಂದರೆ ತಂಡದ ಜೊತೆ ನೀವೂ ವಾರ್ಡಿಗೆ ಹೋಗಿ ಕಾರಣ ಕೇಳಿ.

ಬಾಟಲಿ ಪ್ರಾಜೆಕ್ಟ್ ಶುರು ಮಾಡುವ ಮುಂಚೆ ತುಂಬುವವರ ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ದಾಸ್ತಾನು ಯಾರ ಬೀಗದಲ್ಲಿದೆ ಎಂದು ಮಕ್ಕಳು ವಿಚಾರಿಸಲಿ. ಸಾಮಾನ್ಯವಾಗಿ ಸಿಕ್ಕು ಅಲ್ಲೇ ಇರುತ್ತದೆ.